ಹಡಗೇರಿ ಬಂದ ಹಿತ್ತಲ ಬಳ್ಳಿ



ಸೀಮೆಬದನೆಗೂ ಬದನೆಗೂ ಯಾವ ನಂಟೂ ಇಲ್ಲ. ಇದು ಸೌತೆ, ಹೀರೆ, ಕುಂಬಳಗಳ ಬಳಗದ ಬಳ್ಳಿ. ಹುಟ್ಟೂರು ಮೆಕ್ಸಿಕೋ ಮತ್ತು ಅದರ ದಕ್ಷಿಣಕ್ಕೆ ಹಬ್ಬಿದ ಮಧ್ಯ ಅಮೆರಿಕದ ತಂಪು ಗುಡ್ಡಗಳು. ಸ್ಪೇನಿನವರು ಕಾಲಿಡುವ ಮೊದಲೇ ಅಲ್ಲಿನ ಜನ ಇದನ್ನು ಬೆಳೆದು ತಿನ್ನುತ್ತಿದ್ದರು. ಸ್ಪೇನಿನ ದೊರೆ ಎರಡನೆಯ ಫಿಲಿಪ್ ಕಳುಹಿಸಿದ ವೈದ್ಯ ಫ್ರಾನ್ಸಿಸ್ಕೋ ಹೆರ್ನಾಂಡೆಸ್ 1570ರ ದಶಕದಲ್ಲಿ ಆ ನಾಡಿನ ಗಿಡಬಳ್ಳಿಗಳನ್ನು ದಾಖಲಿಸುವಾಗ ಇದನ್ನೂ ಬರೆದಿಟ್ಟರು. 1756ರಲ್ಲಿ ಪ್ಯಾಟ್ರಿಕ್ ಬ್ರೌನ್ ಪ್ರಕಟಿಸಿದ ಜಮೈಕಾದ ಸಸ್ಯಗಳ ಪುಸ್ತಕದಲ್ಲೂ ಇದು ಬರುತ್ತದೆ.

ಈ ತರಕಾರಿಯ ಪ್ರಯಾಣದಲ್ಲಿ ನನ್ನನ್ನು ಬಹಳ ಸೆಳೆದ ಸಂಗತಿ ಇದರ ಬೀಜ. ಒಂದು ಕಾಯಿಗೆ ಒಂದೇ ಬೀಜ. ಅದನ್ನು ಒಣಗಿಸಿ ಪೊಟ್ಟಣ ಕಟ್ಟಿಡುವಂತಿಲ್ಲ, ಒಣಗಿದರೆ ಸತ್ತೇ ಹೋಗುತ್ತದೆ. ಬಲಿತ ಕಾಯಿಯ ಒಳಗೇ ಮೊಳೆತು, ಬುಡದ ಸೀಳಿನಿಂದ ಕುಡಿ ಹೊರಗೆ ಬರುತ್ತದೆ. ಟೊಮೇಟೊ, ಮೆಣಸಿನಕಾಯಿಗಳ ಬೀಜವಾದರೆ ಯಾವನೋ ನಾವಿಕನ ಚೀಲದಲ್ಲಿ ಕೂತು ಸಮುದ್ರ ದಾಟಬಹುದಿತ್ತು. ಸೀಮೆಬದನೆಯನ್ನು ಜೀವಂತ ಕಾಯಾಗಿಯೋ ಗಿಡವಾಗಿಯೋ ಜೋಪಾನ ಮಾಡಿ ತರಬೇಕಿತ್ತು. ಹಾಗೆ ತಂದು ಉಳಿಸುವ ಕೆಲಸಕ್ಕೆ ಸಸ್ಯೋದ್ಯಾನಗಳೇ ಆಸರೆಯಾದವು.

ಅಂಥ ಉದ್ಯಾನಗಳಲ್ಲೊಂದು ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರೂನ್ ಪರದೇಶದ ಬೆಳೆಗಳನ್ನು ತರಿಸಿ ಪರೀಕ್ಷಿಸುವುದನ್ನೇ ವ್ರತದಂತೆ ನಡೆಸಿದವರು. ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದ ಕೀರ್ತಿಯನ್ನು ಲಾಲ್‌ಬಾಗಿನ ಕಥೆ ಬರೆದವರು ಅವರಿಗೇ ಕೊಡುತ್ತಾರೆ. ಸುಮಾರು 900 ಮೀಟರ್ ಎತ್ತರದ ಊರಿನ ತಂಪು ರಾತ್ರಿ ಬಳ್ಳಿಗೆ ಒಗ್ಗಿತು. ಎಷ್ಟು ಒಗ್ಗಿತೆಂದರೆ ತಮಿಳರೂ ತೆಲುಗರೂ ಇದನ್ನು ಬೆಂಗಳೂರಿನ ಬದನೆ ಎಂದೇ ಕರೆಯತೊಡಗಿದರು. ಬಿಸಿಲು ಸೀಮೆಯಲ್ಲಿ ಬಳ್ಳಿ ಹುಲುಸಾಗಿ ಹಬ್ಬಿದರೂ ಹೂ ಉದುರಿಹೋಗುತ್ತದೆ.

ಕಾಯಿಯನ್ನು ನಾವು ಮನಸಾರೆ ಒಪ್ಪಿಕೊಂಡೆವು. ತೊಗರಿಬೇಳೆ ಹಾಕಿ ಹುಳಿ, ಹೆಸರುಬೇಳೆಯ ಕೂಟು, ಮಜ್ಜಿಗೆ ಹುಳಿ, ಪಲ್ಯ. ಸಿಪ್ಪೆಯನ್ನೂ ಬಿಡದೆ ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಯಿತುರಿ ಸೇರಿಸಿ ಚಟ್ನಿ ಅರೆದೆವು. ಹೆಚ್ಚುವಾಗ ಅಂಟು ಬಿಟ್ಟು ಕೈಯ ಚರ್ಮ ಬಿಗಿಯುತ್ತದೆಂದು ಅಂಗೈಗೆ ಎಣ್ಣೆ ಸವರಿಕೊಳ್ಳುವ ಉಪಾಯವನ್ನೂ ಕಂಡುಕೊಂಡೆವು.

ಆದರೆ ಕಾಯಿಯಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಬಿಟ್ಟೆವಲ್ಲ ಎಂದು ನನಗೆ ನಿಜವಾಗಿಯೂ ಬೇಸರವಿದೆ. ಮೆಕ್ಸಿಕೋದಲ್ಲಿ ಇದರ ಗಡ್ಡೆಯನ್ನೂ ಎಳೆ ಕುಡಿಯನ್ನೂ ತಿನ್ನುತ್ತಾರೆ. ನಮ್ಮದೇ ದೇಶದ ಡಾರ್ಜಿಲಿಂಗ್, ಸಿಕ್ಕಿಂ ಕಡೆ ‘ಇಸ್ಕುಸ್’ ಎಂಬ ಹೆಸರಿನಲ್ಲಿ ಮನೆಮನೆಯ ಚಪ್ಪರಕ್ಕೆ ಹಬ್ಬಿದ ಈ ಬಳ್ಳಿಯ ಕುಡಿ ಅಲ್ಲಿನವರ ಮೆಚ್ಚಿನ ಸೊಪ್ಪು, ಗಡ್ಡೆ ಮೆಚ್ಚಿನ ತಿನಿಸು. ತೈವಾನಿನಲ್ಲಿ ಕುಡಿಗಾಗಿಯೇ ಬೆಳೆಯುವ ಹೊಲಗಳಿವೆ. ಬೆಂಗಳೂರು ಸುತ್ತಿನ ಸಂತೆಯಲ್ಲಿ ಈ ಕುಡಿಯ ಕಟ್ಟು ಸುಲಭವಾಗಿ ಸಿಗದು. ಬೇಕೆಂದರೆ ನಾವೇ ಬೆಳೆಯಬೇಕು.

ಬೆಳೆಯುವುದು ಕಷ್ಟವಲ್ಲ. ಮೊಳಕೆ ಇಣುಕಿದ ಇಡೀ ಕಾಯಿಯನ್ನು, ಹೆಚ್ಚದೆ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಓರೆಯಾಗಿ ಅರ್ಧ ಹೂಳಿ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನೆಟ್ಟರೆ ಒಳ್ಳೆಯದು. ನೀರು ನಿಲ್ಲಬಾರದು, ಆದರೆ ಬುಡ ಒಣಗಲೂಬಾರದು. ತಲೆಯೆತ್ತರದ ಗಟ್ಟಿ ಚಪ್ಪರ ಬೇಕು, ಏಕೆಂದರೆ ಇದು ವರ್ಷಗಟ್ಟಲೆ ಬಾಳುವ ಭಾರದ ಬಳ್ಳಿ. ಹೆಣ್ಣು ಹೂ, ಗಂಡು ಹೂ ಒಂದೇ ಬಳ್ಳಿಯಲ್ಲಿರುವುದರಿಂದ ಒಂದು ಗಿಡವೇ ಸಾಕು. ಜೇನುಹುಳುಗಳು ಬರಬೇಕು, ಅದಕ್ಕಾಗಿ ಔಷಧಿ ಸಿಂಪಡಿಸಬೇಡಿ. ಎರಡನೆಯ ವರ್ಷದಿಂದ ಬುಡದ ಒಂದು ಪಕ್ಕವನ್ನಷ್ಟೇ ಕೆದಕಿ ಗಡ್ಡೆ ತೆಗೆದು, ಬೇಯಿಸಿ, ಹುರಿದು ನೋಡಿ.

ಕುಡಿಗೆ ಅಷ್ಟು ಕಾಯಬೇಕಿಲ್ಲ. ಬಳ್ಳಿ ಚಪ್ಪರ ಮುಟ್ಟಿದ ಮೇಲೆ ತುದಿಯನ್ನು ಗೇಣುದ್ದ ಚಿವುಟಿ, ನಾರಾದ ಸುರುಳಿ ಎಳೆಗಳನ್ನು ತೆಗೆದುಹಾಕಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬಾಡಿಸಿ. ಉಪ್ಪು, ಒಂದು ಹಿಡಿ ಕಾಯಿತುರಿ ಸಾಕು. ಚಿವುಟಿದ ಕಡೆ ಬಳ್ಳಿ ಕವಲೊಡೆಯುತ್ತದೆ, ಮುಂದಿನ ಪಲ್ಯಕ್ಕೆ ಇನ್ನಷ್ಟು ಕುಡಿ ಸಿಗುತ್ತದೆ.