ಹಡಗಿನ ಮೇಲಿನ ಗೆರೆ

ತಾಜಸುಲ್ತಾನಪುರದ ಸುತ್ತಿನ ತೊಗರಿ ಹೊಲಗಳಿಗೂ ಹಡಗಿಗೂ ಏನು ಸಂಬಂಧವೆಂದು ಕೇಳುಗರು ಆಶ್ಚರ್ಯಪಡಬಹುದು. ಕಡಲು ನಮಗೆ ಬಲು ದೂರ, ನಿಜ. ಆದರೆ ಮರದ ತುಂಡಿನಿಂದ ಗೇಣುದ್ದದ ಹಡಗನ್ನು ಕೆತ್ತಿ ಬಣ್ಣ ಹಚ್ಚುವ ಹವ್ಯಾಸಕ್ಕೆ ಕಡಲು ಬೇಕಾಗಿಲ್ಲ, ತಾಳ್ಮೆ ಬೇಕು. ಆ ತಾಳ್ಮೆಯ ಪರೀಕ್ಷೆ ನಡೆಯುವುದು ಹಡಗಿನ ಪಕ್ಕೆಯ ಮೇಲೆ ಸಣ್ಣದೊಂದು ನೇರ ಗೆರೆಯನ್ನು ಎಳೆಯುವಾಗ.

ಹಡಗಿನ ಪಕ್ಕೆ ಬಾಗಿರುವುದರಿಂದ ಅಳತೆಪಟ್ಟಿ ಅದರ ಮೇಲೆ ಕೂರುವುದಿಲ್ಲ. ಉಸಿರು ಬಿಗಿಹಿಡಿದು ಕುಂಚವನ್ನು ಎಳೆದರೂ ಗೆರೆ ಎಲ್ಲಿಯೋ ಒಂದು ಕಡೆ ಅಲುಗಿಯೇ ತೀರುತ್ತದೆ. ಇದಕ್ಕೆ ಉಪಾಯ ಸುಲಭ. ಸಮತಟ್ಟಾದ ಗಾಜಿನ ಮೇಲೆ ಹಡಗನ್ನು ಅಲುಗದಂತೆ ನಿಲ್ಲಿಸಿ. ಬೇಕಾದ ಎತ್ತರಕ್ಕೆ ಒಂದು ಮರದ ತುಂಡಿಗೆ ಪೆನ್ಸಿಲನ್ನು ಅಡ್ಡವಾಗಿ ಕಟ್ಟಿ, ಆ ತುಂಡನ್ನು ಗಾಜಿನ ಮೇಲೆ ಜಾರಿಸುತ್ತ ಹಡಗನ್ನು ಒಂದು ಸುತ್ತು ಬನ್ನಿ. ಪಕ್ಕೆ ಎಷ್ಟೇ ಬಾಗಿದ್ದರೂ ಗುರುತು ಒಂದೇ ಎತ್ತರದಲ್ಲಿ ಬೀಳುತ್ತದೆ.

ಇನ್ನು ಬಣ್ಣದ ಮಾತು. ಕಪ್ಪು ಪಕ್ಕೆಯ ಮೇಲೆ ಬಿಳಿ ಗೆರೆ ಬೇಕಾಗಿದೆ ಎನ್ನೋಣ. ಗುರುತಿನ ಮೇಲೆ ಮತ್ತು ಕೆಳಗೆ ತೆಳುವಾದ ಅಂಟುಪಟ್ಟಿಗಳನ್ನು ಒತ್ತಿ, ನಡುವೆ ಗೆರೆಯಷ್ಟೇ ಜಾಗ ಬಿಡಿ. ಕೂಡಲೇ ಬಿಳಿಯನ್ನು ಹಚ್ಚಬೇಡಿ. ಪಟ್ಟಿಗಳ ಅಂಚಿನ ಮೇಲೆ ಮೊದಲು ಕಪ್ಪನ್ನೇ ತೆಳುವಾಗಿ ಒಂದು ಕೈ ಸವರಿ. ಸಂದಿನಲ್ಲಿ ಸೋರುವುದಿದ್ದರೆ ಕಪ್ಪಿನ ಮೇಲೆ ಕಪ್ಪೇ ಸೋರಿ ಸಂದು ಮುಚ್ಚುತ್ತದೆ. ಅದು ಒಣಗಿದ ಮೇಲೆ ಬಿಳಿ. ಪಟ್ಟಿಯನ್ನು ಕೀಳುವಾಗ ಮೇಲಕ್ಕೆ ಎತ್ತದೆ, ಅದರ ಮೇಲೆಯೇ ಹಿಂದಕ್ಕೆ ಮಡಿಸುತ್ತ ನಿಧಾನವಾಗಿ ಎಳೆಯಿರಿ.

ಇಲ್ಲಿಯ ಮರ್ಮವೆಂದರೆ, ಮೊದಲು ಎಲ್ಲೆ, ಆಮೇಲೆ ಬಣ್ಣ. ಈ ಪಾಠ ನಮ್ಮ ನಾಡಿಗೆ ಹೊಸದಲ್ಲ. ಕಮಲಾಪುರ, ಹುಮನಾಬಾದ ದಾಟಿ ಬೀದರಿಗೆ ಹೋದರೆ ಬಿದರಿ ಕೆಲಸಗಾರರು ಮಾಡುವುದೂ ಇದನ್ನೇ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ರ ಬರೆದು, ಸಣ್ಣ ಉಳಿಯಿಂದ ತೋಡು ಕೊರೆದು, ಆ ತೋಡಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ತೋಡು ನೇರವಾಗಿದ್ದರೆ ಬೆಳ್ಳಿಯೂ ನೇರ.

ಹಡಗಿನ ಗೆರೆ ಬರಿಯ ಅಲಂಕಾರವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೆಲವು ಮಾಲೀಕರು ಹಡಗಿಗೆ ಮಿತಿಮೀರಿ ಸರಕು ಹೇರಿ, ವಿಮೆ ಮಾಡಿಸಿ ಕಳುಹಿಸುತ್ತಿದ್ದರು. ಹಡಗು ಮುಳುಗಿದರೆ ಮಾಲೀಕನಿಗೆ ವಿಮೆಯ ಹಣ, ನಾವಿಕನಿಗೆ ಜಲಸಮಾಧಿ. ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ್ದರಿಂದ 1876ರಲ್ಲಿ, ಸರಕಿನ ಮಿತಿಯನ್ನು ತೋರಿಸುವ ಗುರುತು ಹಡಗಿನ ಮೇಲೆ ಇರಲೇಬೇಕೆಂದು ಕಾನೂನಾಯಿತು. ಆದರೆ ಅದನ್ನು ಎಷ್ಟು ಎತ್ತರದಲ್ಲಿ ಹಾಕಬೇಕೆಂಬುದನ್ನು ಮಾಲೀಕನಿಗೇ ಬಿಡಲಾಗಿತ್ತು! ಗೆರೆ ಬಂತು, ಎಲ್ಲೆ ಬರಲಿಲ್ಲ. ಗೆರೆಯ ಸ್ಥಾನವನ್ನು ಕಾನೂನೇ ನಿಗದಿಪಡಿಸಲು 1890ರವರೆಗೆ ಕಾಯಬೇಕಾಯಿತು. ಮುಂದೆ 1930ರಲ್ಲಿ ಮತ್ತು 1966ರಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳಾದವು.

ಇಂದು ನಮ್ಮ ಪಣಂಬೂರಿನ ಬಂದರಿಗೆ ಬರುವ ಸರಕು ಹಡಗುಗಳ ನಡುಭಾಗದಲ್ಲಿಯೂ ಈ ಗುರುತನ್ನು ಕಾಣಬಹುದು: 300 ಮಿಲಿಮೀಟರ್ ಅಡ್ಡಳತೆಯ ಒಂದು ಬಳೆ, ಅದರ ನಡುವೆ ಹಾಯುವ 450 ಮಿಲಿಮೀಟರ್ ಉದ್ದದ ಗೆರೆ. ಗೆರೆಯ ದಪ್ಪ 25 ಮಿಲಿಮೀಟರ್. ನೂರರಲ್ಲೊಂದು ಪಾಲಿನ ಮಾದರಿಯಲ್ಲಿ ಅದು ಬರಿಯ ಕಾಲು ಮಿಲಿಮೀಟರ್! ನಿಜವಾದ ಹಡಗಿನಲ್ಲಿ ಈ ಗುರುತನ್ನು ಕೇವಲ ಬಣ್ಣದಿಂದ ಬರೆದರೆ ಸಾಲದು. ಉಕ್ಕಿನಲ್ಲಿ ಅದನ್ನು ಕೊರೆದೋ ಬೆಸೆದೋ ಶಾಶ್ವತವಾಗಿ ಮೂಡಿಸಿ, ಅನಂತರ ಬಣ್ಣ ಹಚ್ಚಬೇಕು. ಬಣ್ಣ ಅಳಿದರೂ ಎಲ್ಲೆ ಅಳಿಯಬಾರದೆಂಬುದೇ ಇದರ ಉದ್ದೇಶ.

ಆದುದರಿಂದ ನಿಮ್ಮ ಮನೆಯ ಮಕ್ಕಳು ಪುಟ್ಟ ಹಡಗೊಂದನ್ನು ಮಾಡಿದರೆ, ಆ ಕಾಲು ಮಿಲಿಮೀಟರಿನ ಗೆರೆಯನ್ನು ಯಾರ ಕಣ್ಣಿಗೆ ಬೀಳುತ್ತದೆಂದು ಬಿಟ್ಟುಬಿಡಗೊಡಬೇಡಿ. ಕಡಲನ್ನು ಕಾಣದ ಮಗುವಿಗೆ, ನಾವಿಕನ ಪ್ರಾಣ ಯಾವ ಗೆರೆಯ ಮೇಲೆ ನಿಂತಿದೆಯೆಂಬುದನ್ನು ಅದು ತಿಳಿಸಿಕೊಡುತ್ತದೆ.