ಮಾತು ಕೇಳಿಸುತ್ತದೆ, ಚಿತ್ರ ಕಾಣಿಸುವುದಿಲ್ಲ
ಕೈಫೋನಿನಲ್ಲಿ ತೆರೆಯದ ಪಶುಪಾಲನಾ ವಿಡಿಯೋಗಳ ಬಗ್ಗೆ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಸಂಘಗಳ ಸದಸ್ಯರು ಮತ್ತು ಕಾರ್ಯದರ್ಶಿಗಳ ತರಬೇತಿಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಡಾಕ್ಟರು ಬಂದರೆ ಕೆಚ್ಚಲು ಬಾವಿನ ಬಗ್ಗೆಯೋ ಗಬ್ಬ ನಿಲ್ಲದ ಎಮ್ಮೆಯ ಬಗ್ಗೆಯೋ ಮಾತನಾಡುತ್ತಾರೆ ಎಂದುಕೊಂಡು ತಾವು ಕುಳಿತಿದ್ದೀರಿ. ಇಂದು ನಾನು ಹೇಳಹೊರಟಿರುವುದು ಫೋನಿನಲ್ಲಿ ತೆರೆಯದ ವಿಡಿಯೋ ಬಗ್ಗೆ. ಇದು ಪಶುವೈದ್ಯನ ಕೆಲಸವೇ ಎಂದು ಕೇಳಬಹುದು. ಅದು ನನ್ನ ಕೆಲಸವಾದದ್ದು ಹೇಗೆಂಬುದನ್ನೇ ಮೊದಲು ತಿಳಿಸುತ್ತೇನೆ.

ನಮ್ಮ ಜಿಲ್ಲೆಯ ಮೇವಿನ ಸ್ಥಿತಿ ನಿಮಗೆ ಗೊತ್ತಿದ್ದದ್ದೇ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ಹುಲ್ಲು ಬೇಕಾದಷ್ಟು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಜೋಳ, ಸಜ್ಜೆ. ಮಳೆ ಕೈಕೊಟ್ಟ ವರ್ಷ ಕಣಿಕೆ ಸಾಲದೆ ಭತ್ತದ ಹುಲ್ಲನ್ನೇ ಕೊಂಡು ತರಬೇಕಾಗುತ್ತದೆ. ಆ ಹುಲ್ಲಿನಲ್ಲಿ ಸತ್ವ ಕಡಿಮೆ. ಅದಕ್ಕೆ ಯೂರಿಯಾ ಉಪಚಾರ ಮಾಡಿದರೆ ದನ ಇಷ್ಟಪಟ್ಟು ತಿನ್ನುತ್ತದೆ, ಜೀರ್ಣವೂ ಚೆನ್ನಾಗಿ ಆಗುತ್ತದೆ. ಇದನ್ನು ತೋರಿಸಲು ನಾನೇ ನನ್ನ ಫೋನಿನಲ್ಲಿ ಹತ್ತು ನಿಮಿಷದ ಒಂದು ವಿಡಿಯೋ ಮಾಡಿ, ಮೆಮೊರಿ ಕಾರ್ಡುಗಳಿಗೆ ಹಾಕಿ ಹಂಚಿದೆ.

ಯಲಬುರ್ಗಾ ತಾಲ್ಲೂಕಿನ ಒಂದು ಸಂಘಕ್ಕೆ ಮರುವಾರ ಹೋದಾಗ ಸದಸ್ಯೆಯೊಬ್ಬರು ತಮ್ಮ ಕೀಪ್ಯಾಡ್ ಫೋನು ಹಿಡಿದು ಬಂದರು. ಮನೆಯಲ್ಲಿದ್ದ ದೊಡ್ಡ ಫೋನು ಮಗನ ಜೊತೆ ಕಾಲೇಜಿಗೆ ಹೋಗಿತ್ತು. "ಸಾಹೇಬ್ರ, ಮಾತು ಕೇಳಸ್ತೈತಿ, ಮಂದಿ ಕಾಣವಲ್ರು. ಯೂರಿಯಾ ಒಂದು ಬಕೀಟು ತೆಗದಿಟ್ಟೀನ್ರಿ, ಸಾಕಾಗತೈತೇನ್ರಿ?" ಎಂದರು. ನನ್ನ ಎದೆ ಧಸಕ್ಕೆಂದಿತು. ವಿಡಿಯೋದಲ್ಲಿ ನಾನು ತಕ್ಕಡಿ ತೋರಿಸುತ್ತಾ "ಇಷ್ಟು ಯೂರಿಯಾ ತೆಗೆದುಕೊಳ್ಳಿ" ಎಂದಿದ್ದೆ. ತೂಕವನ್ನು ಬಾಯಲ್ಲಿ ಹೇಳಿರಲಿಲ್ಲ, ಅಕ್ಷರದಲ್ಲಿ ಬರೆದಿದ್ದೆ. ಪರದೆ ಕಪ್ಪಾಗಿದ್ದ ಆ ತಾಯಿಗೆ "ಇಷ್ಟು" ಎಂದರೆ ಎಷ್ಟು?

100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, ಅದನ್ನು ಕರಗಿಸಲು 50ರಿಂದ 65 ಲೀಟರ್ ನೀರು, ಗಾಳಿಯಾಡದಂತೆ ಮುಚ್ಚಿ 21 ದಿನ. ತೆರೆದ ಮೇಲೆ ಘಾಟು ಹೋಗುವಂತೆ ಗಾಳಿಗೆ ಹರಡಿಯೇ ತಿನ್ನಿಸಬೇಕು; ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಪ್ರಮಾಣ ಮೀರಿದರೆ ದನದ ಹೊಟ್ಟೆಯಲ್ಲಿ ಅಮೋನಿಯ ಹೆಚ್ಚಾಗಿ ಹೊಟ್ಟೆ ಉಬ್ಬರ, ಮೈ ನಡುಕ, ಬಾಯಲ್ಲಿ ನೊರೆ ಬಂದು ಡಾಕ್ಟರು ತಲುಪುವುದರೊಳಗೆ ಪ್ರಾಣವೇ ಹೋಗಬಹುದು. ಆ ಸದಸ್ಯೆ ಕೇಳಿದ್ದರಿಂದ ಉಳಿಯಿತು. ಅಂದಿನಿಂದ ಈ ವಿಡಿಯೋ ರಿಪೇರಿಯನ್ನೂ ನಾನು ಕಲಿಯಬೇಕಾಯಿತು.

ಈಗ ರೋಗದ ಮೂಲಕ್ಕೆ ಬರೋಣ. ಎಂಪಿ4, 3ಜಿಪಿ, ಎಂಕೆವಿ ಎಂದು ಫೈಲಿನ ಹೆಸರಿನ ಕೊನೆಗೆ ಇರುವುದು ಕ್ಯಾನಿನ ಹೆಸರು ಮಾತ್ರ. ಕ್ಯಾನಿನ ಒಳಗೆ ಎರಡು ಪದಾರ್ಥಗಳಿರುತ್ತವೆ: ಒಂದು ಚಿತ್ರ, ಇನ್ನೊಂದು ಧ್ವನಿ. ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಒತ್ತಿ ಸಣ್ಣದು ಮಾಡಿಟ್ಟಿರುತ್ತಾರೆ. ಈ ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಚಿತ್ರಕ್ಕೆ ಹಳೆಯ ವಿಧಾನ ಎಚ್.263, ಅದರ ನಂತರ 2003ರಲ್ಲಿ ಬಂದದ್ದು ಎಚ್.264, 2013ರಲ್ಲಿ ಬಂದದ್ದು ಎಚ್.265. ಇದನ್ನೇ ಎಚ್‌ಇವಿಸಿ ಎಂದೂ ಕರೆಯುವರು. ಹೊಸ ಫೋನುಗಳಲ್ಲಿ ಕೆಲವು, ಜಾಗ ಉಳಿಸಲೆಂದು, ನಮ್ಮನ್ನು ಕೇಳದೆಯೇ ಎಚ್.265ರಲ್ಲಿ ಚಿತ್ರೀಕರಿಸುತ್ತವೆ. ಹಳೆಯ ಕೀಪ್ಯಾಡ್ ಫೋನಿಗೆ ಆ ಗಂಟು ಬಿಚ್ಚಲು ಬರುವುದಿಲ್ಲ, ಧ್ವನಿಯ ಗಂಟು ಮಾತ್ರ ಬಿಚ್ಚುತ್ತದೆ. ಆದ್ದರಿಂದಲೇ ಮಾತು ಕೇಳಿಸುತ್ತದೆ, ಚಿತ್ರ ಕಾಣಿಸುವುದಿಲ್ಲ.

ನಾನು ಮೊದಲು ಮಾಡಿದ ಪೆದ್ದು ಕೆಲಸವನ್ನೂ ಹೇಳಿಬಿಡುತ್ತೇನೆ. ಫೈಲಿನ ಹೆಸರಿನ ಕೊನೆಯಲ್ಲಿದ್ದ ಎಂಪಿ4 ಅಳಿಸಿ 3ಜಿಪಿ ಎಂದು ಬರೆದೆ. ಹಿಂಡಿ ಚೀಲದ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಹಿಂಡಿ ಬದಲಾದೀತೇ? ಮೊದಲು ಧ್ವನಿಯಾದರೂ ಬರುತ್ತಿತ್ತು, ಈಗ ಫೋನು ಫೈಲನ್ನು ತೆರೆಯಲೇ ಒಪ್ಪಲಿಲ್ಲ.

ಹಾಗಾದರೆ ಒಳಗಿರುವುದು ಏನೆಂದು ಪತ್ತೆ ಮಾಡುವುದು ಹೇಗೆ? ಸಂಘದ ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ತಂತ್ರಾಂಶವಿದ್ದರೆ ಸಾಕು. ವಿಡಿಯೋ ಹಚ್ಚಿ, 'ಟೂಲ್ಸ್' ಪಟ್ಟಿಯಲ್ಲಿ 'ಕೋಡೆಕ್ ಇನ್ಫರ್ಮೇಷನ್' ಒತ್ತಿದರೆ ಚಿತ್ರದ್ದು ಯಾವುದು, ಧ್ವನಿಯದು ಯಾವುದು, ಅಳತೆ ಎಷ್ಟು ಎಂಬುದೆಲ್ಲ ಕಾಣುತ್ತದೆ. ಔಷಧಕ್ಕೆ ಮೊದಲು ಜ್ವರ ನೋಡುವ ಹಾಗೆ, ಇದನ್ನು ನೋಡದೆ ಪರಿವರ್ತನೆಗೆ ಕೈ ಹಾಕಬಾರದು.

ಪರಿವರ್ತನೆಗೆ ನಾನು ಬಳಸುವುದು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ, ಅದೂ ಉಚಿತ. ಕ್ಯಾನು ಎಂಪಿ4, ಚಿತ್ರ ಎಚ್.264, ಅದರಲ್ಲಿ 'ಪ್ರೊಫೈಲ್' ಎಂಬಲ್ಲಿ 'ಬೇಸ್‌ಲೈನ್' ಆರಿಸಬೇಕು. ಇದು ಹಳೆಯ ಫೋನಿಗೂ ದಕ್ಕುವ ಸರಳ ಬಗೆ. ಅಗಲ 320, ಧ್ವನಿಗೆ ಎಎಸಿ. ಪರದೆಯೇ ಎರಡೂವರೆ ಇಂಚು ಇರುವಾಗ ದೊಡ್ಡ ಅಳತೆಯ ಚಿತ್ರ ಕೊಟ್ಟರೆ ಫೋನು ಏದುಸಿರು ಬಿಡುತ್ತದೆ. ಚಿತ್ರ ತಡವರಿಸುತ್ತದೆ, ಕೆಲವೊಮ್ಮೆ ಅಲ್ಲಿಯೇ ನಿಂತುಬಿಡುತ್ತದೆ. ಬಹಳ ಹಳೆಯ ಫೋನುಗಳಿಗೆ ಎಚ್.263 ಇರುವ, 176ಕ್ಕೆ 144 ಅಳತೆಯ 3ಜಿಪಿಯೇ ಬೇಕು. ಹ್ಯಾಂಡ್‌ಬ್ರೇಕಿನಲ್ಲಿ ಅದು ಆಗುವುದಿಲ್ಲ, ಬೇರೆ ತಂತ್ರಾಂಶ ಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಆ ಅಳತೆಯಲ್ಲಿ ಕೆಚ್ಚಲಿನ ಮೊಲೆತೊಟ್ಟು ಸಹ ಗುರುತು ಸಿಗದು. ಅಂಥ ಫೋನಿದ್ದವರು ಪಕ್ಕದ ಮನೆಯವರ ಫೋನಿನಲ್ಲಿ ನೋಡುವುದೇ ಮೇಲು.

ಚಿತ್ರ ಬಂದು ಧ್ವನಿ ಬಾರದಿದ್ದರೆ ಸಾಮಾನ್ಯವಾಗಿ ಧ್ವನಿಯ ಕೋಡೆಕ್ ಫೋನಿಗೆ ಒಗ್ಗಿಲ್ಲವೆಂದು ಅರ್ಥ, ಎಎಸಿಗೆ ಬದಲಿಸಿ ನೋಡಿ. ಎರಡೂ ಬಂದು, ಬಾಯಿ ಒಂದು ಕಡೆ ಮಾತು ಒಂದು ಕಡೆ ಆಗುತ್ತಿದ್ದರೆ ಕಾರಣ ಬೇರೆ. ಫೋನಿನ ಕ್ಯಾಮೆರಾ ಬೆಳಕು ಕಡಿಮೆಯಾದಾಗ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾನೇ ಇಳಿಸುತ್ತದೆ. ಕತ್ತಲು ಕೊಟ್ಟಿಗೆಯಲ್ಲಿ ತೆಗೆದ ವಿಡಿಯೋಗಳಿಗೆ ಈ ಕಾಟ ಹೆಚ್ಚು. 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದನ್ನು ಗುರುತು ಹಾಕಿ ಪರಿವರ್ತಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇನ್ನು ಎಮ್ಮೆ ಅಡ್ಡ ಮಲಗಿದಂತೆ ಕಂಡರೆ ಹೆದರಬೇಡಿ. ಫೋನನ್ನು ನಿಲ್ಲಿಸಿ ಹಿಡಿದು ತೆಗೆದಾಗ "ತಿರುಗಿಸಿ ತೋರಿಸು" ಎಂಬ ಸೂಚನೆ ಮಾತ್ರ ಫೈಲಿನಲ್ಲಿರುತ್ತದೆ, ಹಳೆಯ ಫೋನು ಅದನ್ನು ಓದುವುದಿಲ್ಲ. ಫೋನನ್ನು ಅಡ್ಡ ಹಿಡಿದು ಚಿತ್ರೀಕರಿಸಿದರೆ ಆ ತಕರಾರೇ ಇಲ್ಲ.

ಗಾತ್ರದ ಲೆಕ್ಕವನ್ನು ಕಾರ್ಯದರ್ಶಿಗಳು ಬರೆದುಕೊಳ್ಳಿ. ಚಿತ್ರಕ್ಕೆ ಸೆಕೆಂಡಿಗೆ 500 ಕಿಲೋಬಿಟ್, ಧ್ವನಿಗೆ 64 ಕಿಲೋಬಿಟ್ ಕೊಟ್ಟರೆ ಹತ್ತು ನಿಮಿಷದ ವಿಡಿಯೋ ಸುಮಾರು 42 ಎಂಬಿ ಆಗುತ್ತದೆ. ಅದನ್ನೇ ದೊಡ್ಡ ಫೋನು ಸೆಕೆಂಡಿಗೆ 17 ಮೆಗಾಬಿಟ್‌ನಂತೆ ತೆಗೆದಿದ್ದರೆ ಒಂದೂಕಾಲು ಜಿಬಿ ದಾಟುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಪ್ರತಿ ಸಲವೂ ಮೂಲದಿಂದಲೇ ಪರಿವರ್ತಿಸಿ. ಕೆನೆ ತೆಗೆದ ಹಾಲಿನಿಂದ ಮತ್ತೆ ಕೆನೆ ಬಾರದು, ಸಣ್ಣದು ಮಾಡಿದ ಚಿತ್ರವನ್ನು ಹಿಗ್ಗಿಸಿದರೂ ಅಷ್ಟೇ. ವಾಟ್ಸ್‌ಆ್ಯಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದೂ ತನ್ನ ಪಾಲಿನ ಕೆನೆ ತೆಗೆಯುತ್ತದೆ. ಕುಂಟುವ ಆಕಳ ವಿಡಿಯೋವನ್ನು ನನಗೆ ಕಳಿಸುವವರು 'ಡಾಕ್ಯುಮೆಂಟ್' ಎಂದು ಕಳಿಸಿದರೆ ಗೊರಸು ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ರಾಜ್ಯದಲ್ಲಿ ಇಂಥ ಕೆಲಸ ಹೊಸದಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆಯವರು ರೈತರ ವಿಡಿಯೋಗಳನ್ನು ರೈತರಿಗೇ ತೋರಿಸಿದರು. ಅವರು ಬರೇ ವಿಡಿಯೋ ಹಚ್ಚಿ ಎದ್ದುಹೋಗಲಿಲ್ಲ. ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ, ತಿಳಿಯಿತೇ ಎಂದು ಕೇಳುತ್ತಿದ್ದರು. ಕಾರ್ಡು ಹಂಚಿ ಬಂದ ನಾನು ಬಿಟ್ಟದ್ದು ಇದನ್ನೇ.

ಯೂರಿಯಾ ವಿಡಿಯೋವನ್ನು ಮತ್ತೆ ಮಾಡಿದೆ. ಈ ಸಲ ಕ್ಯಾಮೆರಾದ ಸೆಟ್ಟಿಂಗಿನಲ್ಲೇ ಎಚ್.264 ಆರಿಸಿದೆ. "ನಾಲ್ಕು ಕಿಲೋ, ತೂಕ ಮಾಡಿ ನಾಲ್ಕು ಕಿಲೋ" ಎಂದು ಬಾಯಲ್ಲಿ ಎರಡು ಸಲ ಹೇಳಿದೆ. ಸಣ್ಣ ಪರದೆಯಲ್ಲಿ ಬರಹ ಇರುವೆ ಸಾಲಿನಂತೆ ಕಾಣುವುದರಿಂದ 4 ಎಂಬ ಒಂದೇ ಅಂಕಿಯನ್ನು ಪರದೆ ತುಂಬ ಹಾಕಿದೆ. ಮೊದಲು ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ, ಅದೇ ಸದಸ್ಯೆಯ ಅದೇ ಫೋನಿನಲ್ಲಿ ಹಚ್ಚಿ, ಒಮ್ಮೆ ಕಣ್ಣು ಮುಚ್ಚಿ ಕೇಳಿದೆ, ಒಮ್ಮೆ ಧ್ವನಿ ನಿಲ್ಲಿಸಿ ನೋಡಿದೆ. ಎರಡರಲ್ಲೂ ಪ್ರಮಾಣ ತಿಳಿದ ಮೇಲೆಯೇ ಉಳಿದ ಕಾರ್ಡುಗಳಿಗೆ ಹಾಕಿದೆ. ಅವರ ಹುಲ್ಲಿನ ಬಣವಿ ತೆರೆದ ದಿನ ನಾನೂ ಹೋಗಿದ್ದೆ. ಹುಲ್ಲು ಕಂದು ಹಳದಿಗೆ ತಿರುಗಿ ಮೆತ್ತಗಾಗಿತ್ತು. ಮೊದಲೆರಡು ದಿನ ಎಮ್ಮೆ ಮೂಸಿ ಹಿಂದೆ ಸರಿಯಿತಂತೆ, ಮೂರನೆಯ ದಿನದಿಂದ ಗೋದಲಿಯಲ್ಲಿ ಉಳಿಸುತ್ತಿಲ್ಲವಂತೆ.

ಮುಂದಿನ ಭೇಟಿಯಲ್ಲಿ ವಿಡಿಯೋ ಹಾಕಿಸಿಕೊಳ್ಳುವವರು ಬರೇ ಕಾರ್ಡು ಕಳಿಸದೆ ಫೋನನ್ನೂ ತರಬೇಕಾಗಿ ವಿನಂತಿ. ಕೀಪ್ಯಾಡ್ ಫೋನಿಗೆ 32 ಜಿಬಿ ಮೀರದ ಕಾರ್ಡೇ ಇರಲಿ, ಅದಕ್ಕಿಂತ ದೊಡ್ಡದನ್ನು ಹಲವು ಫೋನುಗಳು ಓದುವುದಿಲ್ಲ. ಕಾರ್ಡಿನಲ್ಲಿ ಮದುವೆಯ ಫೋಟೋ ಮುಂತಾದವು ಇದ್ದರೆ ಬೇರೆ ಕಡೆ ನಕಲು ಮಾಡಿಟ್ಟುಕೊಂಡು ಬನ್ನಿ.