ಶಿಫಾರಸು, ಪರೀಕ್ಷೆ, ಸಂದರ್ಶನ

ಉದ್ಯೋಗದ ವಿಚಾರವಾಗಿ ಮಾತನಾಡುವಾಗ ನಾವು ಸಾಮಾನ್ಯವಾಗಿ ಕೆಲಸವನ್ನು ಬೇಡುವವನ ಕಷ್ಟವನ್ನೇ ನೆನೆಯುತ್ತೇವೆ. ಅದು ನ್ಯಾಯವೇ. ಪದವಿಯ ಪತ್ರವನ್ನು ಕೈಯಲ್ಲಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯುವ ತರುಣನ ಬವಣೆ ಎಂಥವರ ಮನಸ್ಸನ್ನಾದರೂ ಕರಗಿಸತಕ್ಕದ್ದು. ಆದರೆ ಮೇಜಿನ ಆಚೆಯ ಬದಿಯಲ್ಲಿ ಕುಳಿತವನಿಗೂ ಒಂದು ಕಷ್ಟವುಂಟು. ಒಂದು ಹುದ್ದೆಗೆ ನೂರು ಅರ್ಜಿಗಳು ಬಂದಿರುತ್ತವೆ. ನೂರು ಮಂದಿಯೂ ಅಪರಿಚಿತರು. ಅರ್ಧ ಗಂಟೆಯ ಪರಿಚಯವನ್ನು ನಂಬಿ ಹತ್ತಾರು ವರ್ಷಗಳ ಸಂಬಂಧವನ್ನು ಆತ ನಿಶ್ಚಯಿಸಬೇಕು. ಹೆಣ್ಣು ಗಂಡುಗಳನ್ನು ಗೊತ್ತುಮಾಡುವಾಗಲಾದರೂ ನಮ್ಮ ಹಿರಿಯರು ನಾಲ್ಕು ಕಡೆ ವಿಚಾರಿಸುತ್ತಿದ್ದರು. ಇಲ್ಲಿ ಅಷ್ಟಕ್ಕೂ ಅವಕಾಶವಿಲ್ಲ. ತಕ್ಕ ಕೆಲಸಕ್ಕೆ ತಕ್ಕ ಮನುಷ್ಯನನ್ನು ಆರಿಸುವುದು ಹೇಗೆ? ಈ ಹೊತ್ತು ತಮ್ಮೊಡನೆ ನಾನು ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಇದಕ್ಕೆ ಲೋಕವು ಕಂಡುಕೊಂಡ ಮೊದಲನೆಯ ಉತ್ತರ ಶಿಫಾರಸು. ನಾವು ಅದನ್ನು ಬಯ್ಯುತ್ತೇವೆ, ಆದರೆ ಸಮಯ ಬಂದಾಗ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಅಪರಿಚಿತನನ್ನು ನಂಬಬೇಕಾದಾಗ ಪರಿಚಿತನ ಮಾತನ್ನು ಕೇಳುವುದು ಸಹಜ. ಒಬ್ಬ ಹುಡುಗನನ್ನು ಮೂರು ವರ್ಷ ಕಣ್ಣಾರೆ ಕಂಡ ಉಪಾಧ್ಯಾಯನು ಅವನ ಗುಣದೋಷಗಳೆರಡನ್ನೂ ಬರೆದುಕೊಟ್ಟರೆ ಅದು ಉಪಯುಕ್ತವಾದ ಸಾಕ್ಷ್ಯವೇ ಆಗುತ್ತದೆ. ಆದರೆ ಶಿಫಾರಸು ಹೆಚ್ಚುಕಾಲ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. 'ಈತ ಯೋಗ್ಯ' ಎಂಬ ಮಾತು ಬಹುಬೇಗ 'ಈತ ನಮ್ಮವನು' ಎಂಬ ಮಾತಾಗುತ್ತದೆ. ಆಗ ಅದಕ್ಕೆ ವಶೀಲಿಯೆಂದು ಹೆಸರು. ಅದರಿಂದ ಕೆಲಸ ಸಿಕ್ಕದವನಿಗೆ ಮಾತ್ರವೇ ನಷ್ಟವೆಂದು ತಿಳಿಯಬಾರದು. ವಶೀಲಿಯಿಂದ ಬಂದವನನ್ನು ತಿದ್ದುವ ಧೈರ್ಯ ಯಜಮಾನನಿಗಿರುವುದಿಲ್ಲ; ಜೊತೆಯ ನೌಕರರಿಗೆ ಅವನಲ್ಲಿ ಗೌರವವಿರುವುದಿಲ್ಲ; ತನ್ನ ಯೋಗ್ಯತೆಯಲ್ಲಿ ಅವನಿಗೇ ನಂಬಿಕೆಯಿರುವುದಿಲ್ಲ.

ಎರಡನೆಯ ಉತ್ತರ ಪರೀಕ್ಷೆ. ಈ ದಾರಿಯನ್ನು ಬಹು ಹಿಂದೆಯೇ ತುಳಿದವರು ಚೀನೀಯರು. ಸುಂಗ್ ವಂಶದವರ ಆಳ್ವಿಕೆಯಲ್ಲಿ, ಎಂದರೆ ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯೇ, ಅಲ್ಲಿ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚುತ್ತಿದ್ದರು. ಅಷ್ಟರಿಂದಲೂ ತೃಪ್ತರಾಗದೆ, ಕೈಬರಹದ ಗುರುತು ಹತ್ತದಿರಲೆಂದು, ಗುಮಾಸ್ತರಿಂದ ಪ್ರತಿ ಮಾಡಿಸಿ ಪರೀಕ್ಷಕರಿಗೆ ಕೊಡುತ್ತಿದ್ದರು. ಮನುಷ್ಯಸ್ವಭಾವವನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಇದೊಂದೇ ಸಾಕು.

ನಮ್ಮ ದೇಶದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ದೊಡ್ಡ ಹುದ್ದೆಗಳು ಬಹುಕಾಲ ಅದರ ಡೈರೆಕ್ಟರುಗಳ ಕೃಪೆಯಿಂದ ದೊರೆಯುತ್ತಿದ್ದವು. ೧೮೫೩ರ ಶಾಸನವು ಅದನ್ನು ತಪ್ಪಿಸಿತು. ೧೮೫೪ರಲ್ಲಿ ಮೆಕಾಲೆಯ ಸಮಿತಿ ವರದಿಯನ್ನೊಪ್ಪಿಸಿತು. ೧೮೫೫ರಲ್ಲಿ ಲಂಡನ್ನಿನಲ್ಲಿ ಮೊದಲನೆಯ ಸ್ಪರ್ಧಾಪರೀಕ್ಷೆ ನಡೆಯಿತು. ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಆ ಬಾಗಿಲು ಸಮುದ್ರದಾಚೆ ಇತ್ತು. ಪ್ರಯಾಣಕ್ಕೆ ಹಣ ಬೇಕು, ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಬೇಕು, ಮನೆಯವರ ವಿರೋಧವನ್ನು ಗೆಲ್ಲಬೇಕು. ಭಾರತೀಯರಲ್ಲಿ ಮೊದಲಿಗರಾಗಿ ಸತ್ಯೇಂದ್ರನಾಥ ಠಾಕೂರರು ಅದರಲ್ಲಿ ತೇರ್ಗಡೆಯಾದದ್ದು ೧೮೬೩ರಲ್ಲಿ. ಆ ಪರೀಕ್ಷೆಯನ್ನು ಭಾರತದ ನೆಲದಲ್ಲಿಯೂ ನಡೆಸತೊಡಗಿದ್ದು ೧೯೨೨ರಲ್ಲಿ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಆದಮಾತ್ರಕ್ಕೆ ಪರೀಕ್ಷೆ ಎಲ್ಲರಿಗೂ ಒಂದೇ ಆಗುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪಾಠವನ್ನು ಕಲಿಯಲು ನಾವು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿಯೂ ಮೇಲಣ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯನ್ನು ಏರ್ಪಡಿಸಿದ್ದರು. ಅದರಿಂದ ಸಮರ್ಥರಾದ ಅಧಿಕಾರಿಗಳು ದೊರೆತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಲೆಮಾರುಗಳಿಂದ ಓದುಬರಹವನ್ನೇ ವೃತ್ತಿಯಾಗಿ ಉಳ್ಳ ಮನೆಗಳ ಮಕ್ಕಳೂ, ಶಾಲೆಯ ಮೆಟ್ಟಿಲನ್ನು ಮೊದಲ ಬಾರಿಗೆ ತುಳಿದ ಮನೆಗಳ ಮಕ್ಕಳೂ ಒಂದೇ ಗೆರೆಯಿಂದ ಓಟವನ್ನು ತೊಡಗಿದ್ದರೆಂದು ಹೇಳಲಾಗುವುದಿಲ್ಲ. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿ ಸೂಚಿಸಿತು. ದಿವಾನ ವಿಶ್ವೇಶ್ವರಯ್ಯನವರು ಈ ಮಾರ್ಗವನ್ನು ಒಪ್ಪಲಿಲ್ಲ. ಅವರು ಅಧಿಕಾರವನ್ನು ಬಿಟ್ಟ ಕಾರಣಗಳಲ್ಲಿ ಇದೂ ಒಂದು. ವಿದ್ಯಾಭ್ಯಾಸವನ್ನು ಹರಡಿದರೆ ಯೋಗ್ಯತೆ ತಾನಾಗಿ ಎಲ್ಲೆಡೆಯಿಂದ ಬರುತ್ತದೆ ಎಂಬುದು ಒಂದು ಪಕ್ಷ. ಅದು ಬರುವವರೆಗೆ ಕಾಯಬೇಕಾದವರು ಯಾರು ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. ನನ್ನ ಮಟ್ಟಿಗೆ, ಎರಡನೆಯ ಪ್ರಶ್ನೆಗೆ ಮೊದಲನೆಯ ಪಕ್ಷದವರು ತೃಪ್ತಿಕರವಾದ ಉತ್ತರವನ್ನು ಕೊಟ್ಟಂತೆ ತೋರುವುದಿಲ್ಲ. ಕಾಯಬೇಕೆಂದು ಹೇಳುವವರು ಸಾಮಾನ್ಯವಾಗಿ ತಾವು ಕಾಯಬೇಕಾದವರಲ್ಲ.

ಮೂರನೆಯ ಉತ್ತರ ಸಂದರ್ಶನ. ಮುಖವನ್ನು ನೋಡಿ ನಾಲ್ಕು ಮಾತನಾಡಿದರೆ ಮನುಷ್ಯನ ಬೆಲೆ ಗೊತ್ತಾಗುತ್ತದೆಂಬ ನಂಬಿಕೆ ಎಲ್ಲ ಯಜಮಾನರಲ್ಲಿಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಾಲ್ಟರ್ ಡಿಲ್ ಸ್ಕಾಟ್ ಎಂಬವರು ಸುಮಾರು ೧೯೧೫ರಲ್ಲಿ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಮಾರಾಟದ ಕೆಲಸಕ್ಕೆ ಬಂದಿದ್ದ ೩೬ ಮಂದಿ ಉಮೇದುವಾರರನ್ನು ಆರು ಮಂದಿ ಅನುಭವಸ್ಥ ಮ್ಯಾನೇಜರುಗಳು ಬೇರೆಬೇರೆಯಾಗಿ ಕಂಡು ಮಾತನಾಡಿಸಿದರು. ಆಮೇಲೆ ತೀರ್ಪುಗಳನ್ನು ಹೋಲಿಸಿ ನೋಡಿದರೆ, ಬಹುಪಾಲು ಉಮೇದುವಾರರ ವಿಷಯದಲ್ಲಿ, ಆತ ಮೇಲಿನ ಅರ್ಧದವನೋ ಕೆಳಗಿನ ಅರ್ಧದವನೋ ಎಂಬಷ್ಟರಲ್ಲಿಯೂ ಅವರಿಗೆ ಒಮ್ಮತವಿರಲಿಲ್ಲ. ಮನುಷ್ಯನನ್ನು ಅಳೆಯುತ್ತೇವೆಂದು ಹೊರಟು ಅವರು ತಮ್ಮ ತಮ್ಮ ಅಭಿರುಚಿಯನ್ನೇ ಅಳೆದುಕೊಂಡಿದ್ದರು.

ಹಾಗೆಂದು ಸಂದರ್ಶನವನ್ನು ಬಿಟ್ಟುಬಿಡಬೇಕಾಗಿಲ್ಲ. ಅದನ್ನು ತಿದ್ದುವ ಉಪಾಯಗಳು ಕಷ್ಟದವಲ್ಲ. ಕೆಲಸವೇನೆಂಬುದನ್ನು ಮೊದಲು ಬರೆದುಕೊಳ್ಳಬೇಕು. ಬಂದವರೆಲ್ಲರಿಗೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು. ಸದಸ್ಯರು ತಮ್ಮತಮ್ಮಲ್ಲಿ ಚರ್ಚಿಸುವುದಕ್ಕೆ ಮುಂಚೆಯೇ ಒಬ್ಬೊಬ್ಬರೂ ತಮ್ಮ ಅಂಕಗಳನ್ನು ಬರೆದಿಡಬೇಕು. ಎಲ್ಲಕ್ಕಿಂತ ಮೇಲಾಗಿ, ಕೆಲಸದ ಒಂದು ತುಣುಕನ್ನು ಕೊಟ್ಟು ಮಾಡಿಸಿ ನೋಡಬೇಕು. ಬಡಗಿಯನ್ನು ಆರಿಸುವಾಗ ಯಾರೂ ಅವನ ಊರು, ಹವ್ಯಾಸಗಳನ್ನು ವಿಚಾರಿಸುತ್ತ ಕೂರುವುದಿಲ್ಲ. ಒಂದು ಹಲಗೆಯನ್ನು ಕೊಟ್ಟು ಕೀಸುಳಿ ಹಿಡಿಯುವ ರೀತಿಯನ್ನು ನೋಡುತ್ತಾರೆ. ಲೆಕ್ಕಿಗನಿಗೂ ಅಧ್ಯಾಪಕನಿಗೂ ಆ ಮರ್ಯಾದೆ ಸಲ್ಲಬೇಡವೆ?

ಆದರೆ ಸಂದರ್ಶನದ ಕೋಣೆಯವರೆಗೆ ಬರುವುದಕ್ಕೇ ಅನೇಕರಿಗೆ ಅವಕಾಶವಿಲ್ಲ. ೨೦೦೭ರಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಭಾರತದ ಖಾಸಗಿ ಕಂಪೆನಿಗಳ ಜಾಹಿರಾತುಗಳಿಗೆ ಉತ್ತರವಾಗಿ ಸಮಾನ ಯೋಗ್ಯತೆಯ ಅರ್ಜಿಗಳನ್ನು ಅವರು ಕಳುಹಿಸಿದ್ದರು. ಮುಖ್ಯ ವ್ಯತ್ಯಾಸವಿದ್ದದ್ದು ಹೆಸರಿನಲ್ಲಿ. ಮೇಲ್ಜಾತಿಯ ಹಿಂದೂ ಹೆಸರಿನವರಿಗಿಂತ ದಲಿತ ಹೆಸರಿನವರಿಗೂ ಮುಸ್ಲಿಂ ಹೆಸರಿನವರಿಗೂ ಕರೆ ಬಂದದ್ದು ಕಡಮೆ. ಚೀನದ ಗುಮಾಸ್ತರು ಹೆಸರನ್ನು ಏಕೆ ಮುಚ್ಚುತ್ತಿದ್ದರೆಂಬುದು ಈಗ ಅರ್ಥವಾಗುತ್ತದೆ.

ಇದಕ್ಕೆ ಯಂತ್ರವೇ ಮದ್ದೆಂದು ಕೆಲವರ ಮತ. ಕಂಪ್ಯೂಟರಿಗೆ ಜಾತಿಯಿಲ್ಲ, ನೆಂಟರಿಲ್ಲ ಎಂಬುದು ನಿಜ. ಆದರೆ ಅದಕ್ಕೆ ಪಾಠ ಹೇಳುವವರು ನಾವೇ. ಅಮೆಜಾನ್ ಕಂಪೆನಿಯವರು ಅರ್ಜಿಗಳನ್ನು ಆರಿಸಲು ಇಂಥದೊಂದು ವ್ಯವಸ್ಥೆಯನ್ನು ರಚಿಸಿದ್ದರು. ಹಿಂದಿನ ಅರ್ಜಿಗಳನ್ನು ನೋಡಿ ಅದು ಕಲಿಯಿತು; ಅವುಗಳಲ್ಲಿ ಬಹುಪಾಲು ಗಂಡಸರವೇ ಆಗಿದ್ದುದರಿಂದ ಹೆಂಗಸರ ಅರ್ಜಿಗಳನ್ನು ಕೀಳೆಂದು ಎಣಿಸತೊಡಗಿತು. ಕಂಪೆನಿಯವರು ಅದನ್ನು ಕೈಬಿಟ್ಟರು. ೨೦೧೮ರಲ್ಲಿ ಈ ಸಂಗತಿ ಪತ್ರಿಕೆಗಳಿಗೆ ತಿಳಿಯಿತು. ನಮ್ಮ ಪಕ್ಷಪಾತವನ್ನು ಯಂತ್ರಕ್ಕೆ ವಹಿಸಿಕೊಟ್ಟ ಮಾತ್ರಕ್ಕೆ ನಾವು ನಿಷ್ಪಕ್ಷಪಾತಿಗಳಾಗುವುದಿಲ್ಲ.

ಇನ್ನು ಉಭಯ ಪಕ್ಷದವರ ಕರ್ತವ್ಯವನ್ನು ಕುರಿತು ಎರಡು ಮಾತು. ಕೆಲಸ ಕೊಡುವವರು ಜಾಹಿರಾತಿನಲ್ಲಿಯೇ ಸಂಬಳವನ್ನು ತಿಳಿಸುವುದು ಒಳ್ಳೆಯದು. 'ಯೋಗ್ಯತೆಗೆ ತಕ್ಕಂತೆ' ಎಂದು ಬರೆಯುವುದರ ಅರ್ಥ ಅನೇಕ ವೇಳೆ 'ಅವಶ್ಯಕತೆಗೆ ತಕ್ಕಂತೆ' ಎಂದೇ ಆಗಿರುತ್ತದೆ. ಬಡವನ ಅವಶ್ಯಕತೆ ಹೆಚ್ಚಾದಷ್ಟೂ ಅವನ ಸಂಬಳ ಇಳಿಯುತ್ತದೆ. ಆಯ್ಕೆಯಾಗದವರಿಗೆ ಒಂದು ಸಾಲಿನ ಉತ್ತರವನ್ನಾದರೂ ಬರೆಯಬೇಕು. ಇಲ್ಲವೆಂಬ ಮಾತಿಗಿಂತ ಮೌನ ಹೆಚ್ಚು ನೋಯಿಸುತ್ತದೆ; ಕಾದವನಿಗೆ ಬೇರೆ ದಾರಿ ನೋಡಿಕೊಳ್ಳುವ ಕಾಲವೂ ಕಳೆದುಹೋಗುತ್ತದೆ. ನೇಮಕದ ಪತ್ರವನ್ನು ಕೊಡುವುದು ಈಗ ಔದಾರ್ಯದ ಮಾತಲ್ಲ. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ವಿಧಿಸಿವೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟವನ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ನೇಮಕದಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದು ಎಂದು ವೇತನ ಸಂಹಿತೆ ಹೇಳುತ್ತದೆ.

ಕೆಲಸ ಬೇಡುವ ತರುಣ ತರುಣಿಯರಿಗೂ ಒಂದು ವಿಜ್ಞಾಪನೆ. ಅರ್ಜಿಯಲ್ಲಿ ಸುಳ್ಳನ್ನು ಬರೆಯಬೇಡಿ. ಆ ಸುಳ್ಳನ್ನು ಮುಂದೆ ದಿನವೂ ಕಾಪಾಡಬೇಕಾಗುತ್ತದೆ. ಕೆಲಸ ಕೊಡಿಸುತ್ತೇವೆಂದು ಠೇವಣಿಯನ್ನೋ ತರಬೇತಿಯ ಶುಲ್ಕವನ್ನೋ ಮುಂಗಡವಾಗಿ ಕೇಳುವವರನ್ನು ನಂಬಬೇಡಿ. ಸಂಬಳವೆಷ್ಟು, ವೇಳೆಯೆಷ್ಟು, ಯಾರ ಕೈಕೆಳಗೆ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದಲೇ, ಆದರೆ ಸಂಕೋಚವಿಲ್ಲದೆ ಕೇಳಿರಿ. ಅವುಗಳಿಗೆ ಕೋಪಿಸಿಕೊಳ್ಳುವ ಯಜಮಾನನು ಉತ್ತರವನ್ನು ಕೊಟ್ಟಂತೆಯೇ.

ಉದ್ಯೋಗವು ಪುರುಷಲಕ್ಷಣವೆಂದು ಹಳೆಯ ಮಾತು. ಇಂದು ಅದು ಸ್ತ್ರೀಪುರುಷರಿಬ್ಬರ ಲಕ್ಷಣವೂ ಆಗಿದೆ. ಹಾಗೆಯೇ ಸಮಾಜದ ಲಕ್ಷಣವೂ ಹೌದು. ತನ್ನ ಹುದ್ದೆಗಳನ್ನು ಒಂದು ಸಮಾಜ ಯಾವ ರೀತಿಯಲ್ಲಿ ಹಂಚುತ್ತದೆ ಎಂಬುದನ್ನು ನೋಡಿಯೇ ಮಕ್ಕಳು ಓದಬೇಕೋ, ಓಲೈಸಬೇಕೋ ಎಂಬುದನ್ನು ನಿರ್ಧರಿಸುತ್ತಾರೆ. ಓದಿದವನು ಮನೆಯಲ್ಲಿ ಕುಳಿತು ಓಲೈಸಿದವನು ಕುರ್ಚಿಯಲ್ಲಿ ಕುಳಿತರೆ, ನಾವು ತರಗತಿಯಲ್ಲಿ ಹೇಳುವ ಪಾಠಗಳಿಗೆ ಬೆಲೆ ಉಳಿಯುವುದಿಲ್ಲ. ಹುದ್ದೆಗಳನ್ನು ತುಂಬುವ ಅಧಿಕಾರವುಳ್ಳ ಮಹನೀಯರು ಇದನ್ನು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸಿ ಈ ಭಾಷಣವನ್ನು ಮುಗಿಸುತ್ತೇನೆ.